ಕನ್ನಡಕ ಹಾಕಿದರೂ ಮಸುಕಾಗಿಯೇ ಕಂಡಾಗ

ಪೊರೆಯ ಆಪರೇಷನ್ ಆಗಿದೆ, ಕನ್ನಡಕವೂ ಇದೆ, ಆದರೂ ಎದುರಿನವರ ಮುಖ ಗುರುತು ಸಿಗುತ್ತಿಲ್ಲವೇ? ಸಕ್ಕರೆ ಕಾಯಿಲೆ ಅಥವಾ ವಯಸ್ಸಿನಿಂದ ಕಣ್ಣಿನ ಒಳಪರದೆ ಹಾಳಾದರೆ, ಗ್ಲಾಕೋಮಾದಿಂದ ಕಣ್ಣಿನ ನರ ಹಾಳಾದರೆ ಹೀಗಾಗುತ್ತದೆ. ಇದನ್ನು ಮಂದದೃಷ್ಟಿ ಎನ್ನುತ್ತೇವೆ. ಇದು ಪೂರ್ತಿ ಕುರುಡಲ್ಲ. ಉಳಿದಿರುವ ದೃಷ್ಟಿ ಬಳಸಿದರೆ ಸವೆಯುವುದಿಲ್ಲ, ಧಾರಾಳವಾಗಿ ಬಳಸಿ.

ಮನೆಯಲ್ಲಿ ಬೆಳಕು ಹೆಗಲ ಹಿಂದಿನಿಂದ ಬರಲಿ, ಕಣ್ಣಿಗೆ ಹೊಡೆಯದಿರಲಿ. ಸ್ಟೀಲ್ ತಟ್ಟೆಯಲ್ಲಿ ಮೊಸರನ್ನ ಕಾಣುವುದಿಲ್ಲ, ಗಾಢ ಬಣ್ಣದ ತಟ್ಟೆ ಕೊಡಿ. ಮುದ್ದೆಗೆ ಬಿಳಿ ತಟ್ಟೆಯೇ ಸರಿ. ಪೂಜೆಯ ವಿಭೂತಿ, ಕರಡಿಗೆ ದಿನವೂ ಒಂದೇ ಜಾಗದಲ್ಲಿರಲಿ. ಹಲಸೂರಿನ ಹಳೆಯ ಮನೆಗಳಂತೆ ಕಡಿದಾದ ಮೆಟ್ಟಿಲಿದ್ದರೆ ಪ್ರತಿ ಮೆಟ್ಟಿಲಿನ ಅಂಚಿಗೆ ಹಳದಿ ಬಣ್ಣ ಬಳಿಯಿರಿ. ಮನೆ ಚೊಕ್ಕಟ ಮಾಡುವ ಉತ್ಸಾಹದಲ್ಲಿ ಸೊಸೆಯಂದಿರು ಅತ್ತೆಯ ಸಾಮಾನಿನ ಜಾಗ ಬದಲಿಸಬಾರದು!

ರಸೆಲ್ ಮಾರ್ಕೆಟ್‌ಗೆ ಹೊರಟಿರಾ? ಈಗಿನ ನೂರರ ನೋಟು 142 ಮಿಲಿಮೀಟರ್ ಉದ್ದ, ಇನ್ನೂರರದು 146, ಐನೂರರದು 150. ಇಷ್ಟು ಸಣ್ಣ ವ್ಯತ್ಯಾಸ ಗಡಿಬಿಡಿಯಲ್ಲಿ ತಿಳಿಯದು. ನೋಟಿನ ಅಂಚಿನ ಉಬ್ಬುಗೆರೆಗಳನ್ನು ಸವರಿ ನೋಡಿ: ನೂರು, ಇನ್ನೂರಕ್ಕೆ ನಾಲ್ಕು, ಐನೂರಕ್ಕೆ ಐದು. ಹಳೆಯ ನೋಟಿನಲ್ಲಿ ಅದೂ ಸವೆದಿರುತ್ತದೆ. ಆದ್ದರಿಂದ ಮನೆಯಲ್ಲೇ ನೂರನ್ನು ಮಡಿಸದೆ, ಇನ್ನೂರನ್ನು ಒಂದು ಮಡಿಕೆ, ಐನೂರನ್ನು ಎರಡು ಮಡಿಕೆ ಮಾಡಿ ಇಟ್ಟುಕೊಳ್ಳಿ. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ನಂಬರ್ ಓದಲು ಒದ್ದಾಡಬೇಡಿ, ಕಂಡಕ್ಟರನ್ನು ಕೇಳಿ. ಕೆ.ಆರ್.ಪುರದಿಂದ ಇಂದಿರಾನಗರ, ಹಲಸೂರಿಗೆ 2023ರ ಅಕ್ಟೋಬರ್‌ನಿಂದ ನೇರ ಮೆಟ್ರೋ ಇದೆ. ನಿಲ್ದಾಣದ ನೆಲದ ಉಬ್ಬು ಹಳದಿ ಪಟ್ಟಿ ನಿಮಗಾಗಿಯೇ ಇರುವುದು. ಬಿಳಿ ಕೋಲು ಹಿಡಿಯಲು ನಾಚಿಕೆ ಬೇಡ, ಅದನ್ನು ಕಂಡರೆ ಜನ ದಾರಿ ಬಿಡುತ್ತಾರೆ.

ಇನ್ಸುಲಿನ್ ವಿಷಯದಲ್ಲಿ ಮಾತ್ರ "ನಾನೇ ಹಾಕಿಕೊಳ್ಳುತ್ತೇನೆ" ಎಂಬ ಹಠ ಬೇಡ. 40ರ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜು, 100ರದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲುಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರಬಹುದು, ಪ್ರಾಣಕ್ಕೇ ಅಪಾಯ. ಕಣ್ಣು ಚೆನ್ನಾಗಿರುವವರೇ ಎಳೆದುಕೊಡಲಿ.

ಇನ್ನೊಂದು ವಿಷಯ ಹಲವರು ಹೇಳಲು ಹೆದರುತ್ತಾರೆ. ದೃಷ್ಟಿ ಕುಂದಿದವರಿಗೆ ಇಲ್ಲದ ಮಕ್ಕಳು, ಹೂವು, ಗೋಡೆಯ ಮೇಲೆ ಚಿತ್ತಾರ ಕಾಣುವುದುಂಟು. ಇದಕ್ಕೆ ಚಾರ್ಲ್ಸ್ ಬಾನೆ ಸಿಂಡ್ರೋಮ್ ಎಂದು ಹೆಸರು. ಕಣ್ಣಿನಿಂದ ಬರುವ ಸುದ್ದಿ ಕಡಿಮೆಯಾದಾಗ ಮೆದುಳು ತಾನೇ ಚಿತ್ರ ಕಟ್ಟುತ್ತದೆ. ಇದು ಹುಚ್ಚಲ್ಲ, ಗಾಳಿ ಸೋಕಿದ್ದೂ ಅಲ್ಲ. ತಾಯತಕ್ಕೆ ಓಡುವ ಮೊದಲು ವೈದ್ಯರಿಗೆ ತಿಳಿಸಿ. ಬೇರೆ ಕಾರಣವಿದ್ದರೆ ಅವರು ಪರೀಕ್ಷಿಸುತ್ತಾರೆ.

ಭೂತಗನ್ನಡಿಯಂಥ ಸಾಧನಗಳನ್ನು ಕಣ್ಣು ಪರೀಕ್ಷಿಸಿಯೇ ಕೊಡಬೇಕು. ಮಿಂಟೋ ಅಥವಾ ಬೌರಿಂಗ್ ಆಸ್ಪತ್ರೆಯ ಕಣ್ಣಿನ ವಿಭಾಗದಲ್ಲಿ ವಿಚಾರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮಂದದೃಷ್ಟಿಯೂ ಸೇರಿದೆ, ಗುರುತಿನ ಚೀಟಿಗೆ ಅರ್ಜಿ ಹಾಕಬಹುದು. ದೃಷ್ಟಿ ಹಠಾತ್ತನೆ ಹೋದರೆ, ಪರದೆ ಇಳಿದಂತಾದರೆ, ಕಣ್ಣು ಕೆಂಪಾಗಿ ತೀವ್ರವಾಗಿ ನೋಯುತ್ತಿದ್ದರೆ ನಾಳೆಗೆ ಕಾಯದೆ ಅಂದೇ ಬನ್ನಿ. ಹಳೆಯ ಕನ್ನಡಕ, ಔಷಧಿ ಚೀಟಿ ಜೊತೆಗಿರಲಿ.