ಮದುವೆಯಾಗದ ತಂದೆಗೂ ದಾರಿಯಿದೆ

ಮಗಳನ್ನು ನೋಡಲು ಅವಳ ತಾಯಿ ಬಿಡುತ್ತಿಲ್ಲವೆಂಬ ನಿಮ್ಮ ಸಂಕಟ ದೊಡ್ಡದು. ಆದರೂ ಮೊದಲು ಕಹಿ ಮಾತನ್ನೇ ಹೇಳಬೇಕಾಗಿದೆ. ನೀವಿಬ್ಬರೂ ಹಿಂದೂಗಳೆಂದು ಬರೆದಿದ್ದೀರಿ. 1956ರ ಹಿಂದೂ ಅಪ್ರಾಪ್ತವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೇ ಸೆಕ್ಷನ್ ಪ್ರಕಾರ, ವಿವಾಹದ ಹೊರಗೆ ಹುಟ್ಟಿದ ಮಗುವಿಗೆ ತಾಯಿಯೇ ಸಹಜ ಪಾಲಕಿ. ತಂದೆಯ ಸರದಿ ಆಕೆಯ ನಂತರ. ಜನನ ಪ್ರಮಾಣಪತ್ರದಲ್ಲಿ ನಿಮ್ಮ ಹೆಸರಿರುವುದು ಒಳ್ಳೆಯ ಸಾಕ್ಷ್ಯವೇ, ಆದರೆ ಅದೊಂದರಿಂದ ಮಗು ನಿಮ್ಮ ವಶಕ್ಕೆ ಬಾರದು.

ಹಾಗೆಂದು ಕೈಚೆಲ್ಲಬೇಡಿ. ಮಗಳು ವಾಸಿಸುವ ಊರಿನ ವ್ಯಾಪ್ತಿಯ ಕೌಟುಂಬಿಕ ನ್ಯಾಯಾಲಯಕ್ಕೆ 1890ರ ಪಾಲಕರು ಮತ್ತು ಪಾಲ್ಯರ ಕಾಯ್ದೆಯಡಿ ಅರ್ಜಿ ಹಾಕಿ. ಪೂರ್ಣ ವಶಕ್ಕಿಂತ ಮೊದಲು ಭೇಟಿಯ ಅವಕಾಶ ಕೇಳುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ನ್ಯಾಯಾಧೀಶರು ಎಲ್ಲಕ್ಕಿಂತ ಮೇಲಾಗಿ ನೋಡುವುದು ಮಗುವಿನ ಹಿತವನ್ನು. ಶಾಲಾ ಶುಲ್ಕದ ರಸೀದಿ, ಆಸ್ಪತ್ರೆ ಬಿಲ್ಲು, ಹಣ ಕಳಿಸಿದ ಬ್ಯಾಂಕ್ ದಾಖಲೆ, ಒಟ್ಟಿಗಿದ್ದ ಫೋಟೊ ಎಲ್ಲವನ್ನೂ ಜೋಡಿಸಿಡಿ. ತಾಯಿ ನಿಮ್ಮ ಪಿತೃತ್ವವನ್ನೇ ನಿರಾಕರಿಸಿದರೆ ಡಿಎನ್‌ಎ ಪರೀಕ್ಷೆ ಕೋರಬಹುದು. ಆದರೆ 1993ರ ಗೌತಮ್ ಕುಂಡು ಪ್ರಕರಣದಿಂದಲೂ ಸುಪ್ರೀಂ ಕೋರ್ಟ್ ಇಂಥ ಪರೀಕ್ಷೆಗಳನ್ನು ವಾಡಿಕೆಯಂತೆ ಆದೇಶಿಸಬಾರದೆಂದೇ ಹೇಳುತ್ತ ಬಂದಿದೆ.

ಭೇಟಿಗೆ ಬಿಡಲಿಲ್ಲವೆಂಬ ಸಿಟ್ಟಿಗೆ ಮಗಳ ಖರ್ಚಿನ ಹಣ ಮಾತ್ರ ನಿಲ್ಲಿಸಬೇಡಿ. ಜೀವನಾಂಶ ಅವಳ ಹಕ್ಕು. ತಂದೆತಾಯಿ ಮದುವೆಯಾಗಿಲ್ಲವೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ.