ಆಸ್ಪತ್ರೆಯ ಹಾಸಿಗೆಗಳೂ ಗಣಕಯಂತ್ರದ ಲೆಕ್ಕಾಚಾರವೂ

ಶಾಲೆಯ ವೇಳಾಪಟ್ಟಿಯನ್ನು ಸಿದ್ಧಪಡಿಸಿದ ಉಪಾಧ್ಯಾಯರೆಲ್ಲರಿಗೂ ಒಂದು ಸಂಗತಿ ಅನುಭವವೇದ್ಯ. ಕೊಠಡಿಗಳು ಸಾಲವೆಂಬ ದೂರಿಗೆ ಪ್ರತಿ ಬಾರಿಯೂ ಹೊಸ ಕಟ್ಟಡವೇ ಪರಿಹಾರವಲ್ಲ. ಇರುವ ಕೊಠಡಿಗಳನ್ನೂ ಅವಧಿಗಳನ್ನೂ ಸರಿಯಾಗಿ ಹೊಂದಿಸಿದರೆ ಅನೇಕ ವೇಳೆ ಕೊರತೆಯೇ ನೀಗುತ್ತದೆ. ಆಸ್ಪತ್ರೆಗಳ ವಿಷಯದಲ್ಲಿಯೂ ಈ ಮಾತು ಸತ್ಯ.

ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರು ಬಂಡೀಪುರ ಅರಣ್ಯದ ಅಂಚಿನಲ್ಲಿ, ಕೇರಳದತ್ತ ಸಾಗುವ ಹೆದ್ದಾರಿಯ ಮೇಲಿರುವ ಊರು. ಅಲ್ಲಿಯ ರೈತನೊಬ್ಬನಿಗೆ ಶಸ್ತ್ರಚಿಕಿತ್ಸೆ ಆಗಬೇಕಾಗಿದೆಯೆಂದು ಭಾವಿಸಬಹುದು. ಆತನು ಚಾಮರಾಜನಗರಕ್ಕೋ ಮೈಸೂರಿಗೋ ಹೋಗಬೇಕಾದೀತು. ಕೂಲಿ ಬಿಡಬೇಕು, ದನಕರುಗಳನ್ನು ನೆರೆಯವರಿಗೆ ಒಪ್ಪಿಸಬೇಕು, ಮನೆಯವರೊಬ್ಬರು ಜೊತೆಗೆ ಹೊರಡಬೇಕು. ಇಷ್ಟಾಗಿ ಹೋದ ಮೇಲೆ "ಹಾಸಿಗೆ ತೆರವಾಗಿಲ್ಲ, ಮುಂದಿನ ವಾರ ಬನ್ನಿ" ಎಂಬ ಉತ್ತರ ದೊರೆತರೆ ಆ ಕುಟುಂಬಕ್ಕಾಗುವ ನಷ್ಟ ಯಾವ ದಾಖಲೆಯಲ್ಲಿಯೂ ಸೇರುವುದಿಲ್ಲ.

ಜಿಲ್ಲೆಯಲ್ಲಿ ಸೌಕರ್ಯಗಳು ಹೆಚ್ಚಿರುವುದು ಸಂತೋಷದ ವಿಷಯ. 2016ರಲ್ಲಿ ಚಾಮರಾಜನಗರದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ಆರಂಭವಾಯಿತು. 2021ರ ಅಕ್ಟೋಬರ್‌ನಲ್ಲಿ ಅದರ 450 ಹಾಸಿಗೆಗಳ ಬೋಧನಾ ಆಸ್ಪತ್ರೆಯ ಉದ್ಘಾಟನೆಯಾಯಿತು. ಆದರೆ ಹಾಸಿಗೆಗಳ ಸಂಖ್ಯೆಯಷ್ಟೇ ಅವುಗಳನ್ನು ಬಳಸುವ ಕ್ರಮವೂ ಮುಖ್ಯವಾದುದು.

ಇದನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ಒಂದು ವಿಭಾಗದಲ್ಲಿ ವಾರಕ್ಕೆ 30 ಶಸ್ತ್ರಚಿಕಿತ್ಸೆಗಳು ನಡೆಯುತ್ತವೆ. ಪ್ರತಿಯೊಬ್ಬ ರೋಗಿಯೂ 3 ರಾತ್ರಿ ತಂಗುತ್ತಾನೆ ಎಂದಿಟ್ಟುಕೊಳ್ಳಲಿ. ಸೋಮವಾರ 15, ಮಂಗಳವಾರ 15 ಮಾಡಿದರೆ ಮಂಗಳವಾರ ಮತ್ತು ಬುಧವಾರದ ರಾತ್ರಿಗಳಿಗೆ 30 ಹಾಸಿಗೆಗಳು ಬೇಕು. ಶುಕ್ರವಾರದಿಂದ ಭಾನುವಾರದವರೆಗೆ ಅವೆಲ್ಲ ಬರಿದಾಗಿ ಉಳಿಯುತ್ತವೆ. ಅದೇ 30ನ್ನು ಸೋಮವಾರದಿಂದ ಶನಿವಾರದವರೆಗೆ ದಿನಕ್ಕೆ 5ರಂತೆ ಹಂಚಿದರೆ ಯಾವ ರಾತ್ರಿಯೂ 15ಕ್ಕಿಂತ ಹೆಚ್ಚು ಹಾಸಿಗೆ ಬೇಡ. ಕೆಲಸ ಒಂದೇ, ಬೇಕಾದ ಹಾಸಿಗೆಗಳು ಅರ್ಧ.

ನಿಜವಾದ ಆಸ್ಪತ್ರೆಯಲ್ಲಿ ಲೆಕ್ಕ ಇಷ್ಟು ಸುಲಭವಲ್ಲ. ಶಸ್ತ್ರವೈದ್ಯರು, ಅರಿವಳಿಕೆ ತಜ್ಞರು, ದಾದಿಯರು, ಶುದ್ಧೀಕರಿಸಿದ ಉಪಕರಣಗಳು, ರಕ್ತ, ತೀವ್ರ ನಿಗಾ ಘಟಕದ ಹಾಸಿಗೆ ಇವೆಲ್ಲವೂ ಒಂದೇ ವೇಳೆಗೆ ಕೂಡಿಬರಬೇಕು. ಇಲ್ಲಿಯೇ ಗಣಕಯಂತ್ರದ ತಂತ್ರಾಂಶ ನೆರವಿಗೆ ಬರುತ್ತದೆ. ಹಿಂದಿನ ದಾಖಲೆಗಳಿಂದ ಯಾವ ಶಸ್ತ್ರಚಿಕಿತ್ಸೆಗೆ ಎಷ್ಟು ಸಮಯ ಹಿಡಿಯಿತು, ರೋಗಿ ಎಷ್ಟು ದಿನ ತಂಗಿದನು ಎಂಬುದನ್ನು ಅದು ಲೆಕ್ಕಹಾಕಿ, ಹಲವು ಬಗೆಯ ಸರದಿಗಳನ್ನು ಹೋಲಿಸಿ ಸೂಕ್ತವಾದುದನ್ನು ಸೂಚಿಸುತ್ತದೆ.

ಹಾಗೆಂದು ಎಲ್ಲ ಹಾಸಿಗೆಗಳನ್ನೂ ಸದಾ ತುಂಬಿಸಿಡುವುದು ಗುರಿಯಾಗಬಾರದು. ಅಪಘಾತವೂ ಕಷ್ಟಪ್ರಸವವೂ ವೇಳಾಪಟ್ಟಿ ನೋಡಿ ಬರುವುದಿಲ್ಲ. ಡೆನ್ಮಾರ್ಕಿನ ಎರ್ಲಾಂಗ್ 1909ರಲ್ಲಿ ದೂರವಾಣಿ ಕರೆಗಳನ್ನು ಕುರಿತು ಪ್ರಕಟಿಸಿದ ಅಧ್ಯಯನದಿಂದ ಬೆಳೆದ ಸರದಿಯ ಗಣಿತ ಒಂದು ಎಚ್ಚರಿಕೆಯನ್ನು ನೀಡುತ್ತದೆ: ವ್ಯವಸ್ಥೆ ಪೂರ್ತಿ ತುಂಬುವ ಹಂತ ಸಮೀಪಿಸಿದಂತೆ ಕಾಯುವ ಕಾಲ ಅತಿ ವೇಗವಾಗಿ ಬೆಳೆಯುತ್ತದೆ. ಆದುದರಿಂದ ತುರ್ತು ರೋಗಿಗಳಿಗಾಗಿ ಕೆಲವು ಹಾಸಿಗೆಗಳನ್ನು ಬಿಟ್ಟಿರುವುದು ಅಪವ್ಯಯವಲ್ಲ.

ಯಂತ್ರಕ್ಕೆ ಇನ್ನೊಂದು ಮಿತಿಯೂ ಉಂಟು. 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯು ಹಾಸಿಗೆಗಳನ್ನು ಕೇಂದ್ರೀಕೃತ ತಂತ್ರಾಂಶದ ಮೂಲಕ ಹಂಚುತ್ತಿತ್ತು. ಆ ವರ್ಷದ ಮೇ ತಿಂಗಳಲ್ಲಿ ಹಂಚಿಕೆಯಲ್ಲಿ ಅಕ್ರಮ ನಡೆದಿದೆಯೆಂಬ ಆರೋಪ ಕೇಳಿಬಂದು, ಬಳಿಕ ವ್ಯವಸ್ಥೆಯನ್ನು ಸುಧಾರಿಸಬೇಕಾಯಿತು. ಹಾಸಿಗೆ ತೆರವಾದ ಕೂಡಲೆ ಅದನ್ನು ಪ್ರಾಮಾಣಿಕವಾಗಿ ದಾಖಲಿಸುವ ಕೈ ಇಲ್ಲದಿದ್ದರೆ ಎಂತಹ ತಂತ್ರಾಂಶವೂ ಸುಳ್ಳನ್ನೇ ಬೇಗನೆ ಹೇಳುತ್ತದೆ.

ಹಾಸಿಗೆಯನ್ನು ದಾನ ಮಾಡುವುದು ಪುಣ್ಯಕಾರ್ಯ. ಆ ಹಾಸಿಗೆ ಒಂದು ದಿನವೂ ವ್ಯರ್ಥವಾಗದಂತೆ ನೋಡಿಕೊಳ್ಳುವುದು ಅದಕ್ಕೆ ಸಮನಾದ ಸೇವೆ. ಇಂದು ಶಾಲೆಯಲ್ಲಿ ಸರಾಸರಿಯ ಲೆಕ್ಕವನ್ನು ಶ್ರದ್ಧೆಯಿಂದ ಕಲಿಯುತ್ತಿರುವ ವಿದ್ಯಾರ್ಥಿ ನಾಳೆ ಇಂತಹ ಸೇವೆಗೆ ಅರ್ಹನಾಗಬಲ್ಲನು. ಆಗ ಮದ್ದೂರಿನಿಂದ ಹೊರಟ ರೋಗಿ ಹೇಳಿದ ದಿನವೇ ಚಿಕಿತ್ಸೆ ಪಡೆದು, ಹೇಳಿದ ದಿನವೇ ಮನೆಗೆ ಮರಳುವನು.