ಇಂಡಕ್ಷನ್ ಒಲೆ ನಡುವೆ ಆಫ್ ಆಗೋದ್ಯಾಕೆ?

ಫಳ್ನೀರಿನ ಬಾಡಿಗೆ ರೂಮಲ್ಲಿ ಕುಚ್ಚಲಕ್ಕಿ ಗಂಜಿಗೆ ಇಟ್ಟಿದ್ದೀರಿ. ಅಕ್ಕಿ ಅರ್ಧ ಬೆಂದಿರುವಾಗ ಒಲೆ ತಾನಾಗಿಯೇ ಆಫ್! ಹಾಳಾಯ್ತು ಅಂತ ರಿಪೇರಿಗೆ ಒಯ್ಯಬೇಡಿ. ಎಷ್ಟೋ ಸಲ ಅದು ತನ್ನನ್ನು ಕಾಪಾಡಿಕೊಳ್ಳಲು ನಿಂತಿರುತ್ತದೆ. ಯಾವಾಗ ನಿಂತಿತು ಅನ್ನೋದೇ ಸುಳಿವು.

ಆನ್ ಮಾಡಿದ ಕೂಡಲೇ ನಿಂತರೆ: ಪಾತ್ರೆ ನೋಡಿ. ಕಾಯಿಲ್‌ನ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ಕರೆಂಟ್ ಹುಟ್ಟಿಸಿ ಬಿಸಿ ಮಾಡುತ್ತದೆ. ತಳಕ್ಕೆ ಆಯಸ್ಕಾಂತ ಅಂಟದಿದ್ದರೆ ಆ ಪಾತ್ರೆ ಆಗದು.

ಕೆಲವು ನಿಮಿಷದ ನಂತರ ನಿಂತರೆ: ಒಳಗಿನ ಐಜಿಬಿಟಿ ಬಿಸಿಯಾಗಿದೆ, ಥರ್ಮಿಸ್ಟರ್ ಅದನ್ನು ಗಮನಿಸಿದೆ. ಒಲೆಯನ್ನು ಗೋಡೆಗೆ ಒತ್ತಿ, ಪೇಪರ್ ಮೇಲೆ ಇಟ್ಟಿದ್ದೀರಾ? ಗಾಳಿಕಿಂಡಿಯಲ್ಲಿ ಧೂಳಿದೆಯಾ? ಫ್ಯಾನ್ ಸದ್ದು ಕೇಳುತ್ತಾ?

ಪ್ರತಿಸಲ ಅಷ್ಟೇ ನಿಮಿಷಕ್ಕೆ ನಿಂತರೆ: ಟೈಮರ್. ಕುಚ್ಚಲಕ್ಕಿ ನಿಧಾನಕ್ಕೆ ಬೇಯುವಂಥದ್ದು, ಸಮಯ ಹೆಚ್ಚಿಸಿ.

ಹೊತ್ತುಗೊತ್ತಿಲ್ಲದೆ ನಿಂತರೆ: ಪ್ಲಗ್ ಮುಟ್ಟಿ ನೋಡಿ. ಬಿಸಿಯಿದ್ದರೆ ಸ್ವಿಚ್ ಆಫ್ ಮಾಡಿ ಅಲ್ಲಿಗೇ ಬಿಡಿ. ಲೆಕ್ಕ ಸುಲಭ: 2000 ವ್ಯಾಟ್ ÷ 230 ವೋಲ್ಟ್ = ಸುಮಾರು 8.7 ಆಂಪಿಯರ್. 6 ಆಂಪಿಯರ್ ಸಾಕೆಟ್ಟಿಗೂ ಅಗ್ಗದ ಎಕ್ಸ್‌ಟೆನ್ಶನ್ ಬೋರ್ಡಿಗೂ ಇದು ತಡೆಯದ ಭಾರ. ಸಡಿಲ ಸಂಪರ್ಕದಲ್ಲಿ ವೋಲ್ಟೇಜ್ ಕುಸಿದು ಒಲೆ ನಿಲ್ಲುತ್ತದೆ, ಪ್ಲಾಸ್ಟಿಕ್ ಕರಗುತ್ತದೆ, ಬೆಂಕಿಯೂ ಹತ್ತಬಹುದು. 16 ಆಂಪಿಯರ್ ಸಾಕೆಟ್ ಬೇಕೇ ಬೇಕು.

ಇಷ್ಟಾದರೂ ಸರಿಯಾಗದಿದ್ದರೆ ಮೆಕ್ಯಾನಿಕ್ ಹತ್ರ ಹೋಗಿ. ಎಂಜಿನಿಯರಿಂಗ್ ಓದ್ತಿದ್ದೇವೆ ಅಂತ ಸ್ಕ್ರೂಡ್ರೈವರ್ ಎತ್ತಬೇಡಿ. ಪ್ಲಗ್ ತೆಗೆದ ಮೇಲೂ ಕೆಪಾಸಿಟರಿನಲ್ಲಿ 300 ವೋಲ್ಟಿನಷ್ಟು ಉಳಿದಿರಬಹುದು.

ಇನ್ನೊಂದು: ಗಂಜಿ ಕುದಿ ಬಂದ ಮೇಲೆ ಪವರ್ ಇಳಿಸಿ. ತೆರೆದ ಪಾತ್ರೆಯ ನೀರು ಹೇಗೂ 100 ಡಿಗ್ರಿ ದಾಟೋದಿಲ್ಲ. ಒಲೆಗೂ ವೈರಿಂಗಿಗೂ ಆರಾಮ, ಗಂಜಿಯೂ ಉಕ್ಕೋದಿಲ್ಲ.